ಬೇಸಿಗೆ ರಜೆ ಮತ್ತು ಬಿಂದಿಗೆಯ ಸಾಲು

ಏಪ್ರಿಲ್ ಎರಡನೇ ವಾರ. ಶಾಲೆಯ ಫಲಿತಾಂಶ ಬಂದು ರಜೆ ಶುರುವಾಗಿತ್ತು. ಏಳನೇ ತರಗತಿ ಮುಗಿಸಿದ ನನ್ನ ಅಣ್ಣನ ಮಗಳು ಕೈಯಲ್ಲೊಂದು ಕರಪತ್ರ ಹಿಡಿದು ಬಂದಳು. ಹತ್ತು ದಿನಗಳ ಬೇಸಿಗೆ ಶಿಬಿರ. ಚಿತ್ರಕಲೆ, ಮಣ್ಣಿನ ಗೊಂಬೆ, ಕತೆ ಹೇಳುವುದು, ಒಂದು ದಿನ ಅಂತರಗಂಗೆಯ ಬೆಟ್ಟಕ್ಕೆ ಪ್ರವಾಸ. ಕರಪತ್ರವನ್ನು ನನ್ನ ಮುಂದೆ ಬಿಡಿಸಿಟ್ಟು ಬಹಳ ಗಂಭೀರವಾಗಿ ಕೇಳಿದಳು:

"ಫುಪ್ಪು, ಶಿಬಿರ ಬೆಳಿಗ್ಗೆ ಒಂಬತ್ತಕ್ಕಂತೆ. ಟ್ಯಾಂಕರ್ ಬರೋದೂ ಅದೇ ಹೊತ್ತಿಗೆ. ಅವರನ್ನ ಕೇಳಿದ್ರೆ ಸಂಜೆಗೆ ಇಟ್ಕೋತಾರಾ?"

ನನಗೆ ನಗು ಬಂತು. ಮರುಕ್ಷಣವೇ ನಗು ನಿಂತಿತು. ಅವಳಿಗಿಂತ ಎರಡು ವರ್ಷ ದೊಡ್ಡವನಾದ ಅವಳ ಅಣ್ಣ ಆಗಲೇ ಬ್ಯಾಟು ಹಿಡಿದು ಮೈದಾನಕ್ಕೆ ಹೋಗಿದ್ದ. ಟ್ಯಾಂಕರ್ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಗೊತ್ತಿರಬೇಕೆಂದು ಮನೆಯಲ್ಲಿ ಯಾರೂ ಅವನಿಗೆ ಹೇಳಿಯೂ ಇರಲಿಲ್ಲ. ಹೇಳದವರಲ್ಲಿ ನಾನೂ ಒಬ್ಬಳು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸಹೋದರಿಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಬೇಸಿಗೆಗೂ ತನ್ನದೇ ಸಂಭ್ರಮವಿದೆ. ಶ್ರೀನಿವಾಸಪುರದ ಮಂಡಿಗಳಲ್ಲಿ ಬಾದಾಮಿ, ರಸಪುರಿ, ಮಲ್ಲಿಕಾ, ತೋತಾಪುರಿ ಮಾವಿನ ಪರಿಮಳ. ಕೋಲಾರ, ಮಾಲೂರಿನ ಬೀದಿಗಳಲ್ಲಿ ಇರುಳೆಲ್ಲ ಕರಗದ ಉತ್ಸವ. ಮಸೀದಿಗಳಲ್ಲಿ ಮಕ್ಕಳಿಗೆ ರಜಾ ತರಗತಿ. ಬಾಲಭವನ, ಗ್ರಂಥಾಲಯ, ಶಾಲೆಗಳಲ್ಲಿ ಶಿಬಿರ. ತವರಿಗೆ ಬರುವ ಹೆಣ್ಣುಮಕ್ಕಳು, ಮದುವೆಗಳು, ನೆಂಟರು. ಆದರೆ ಈ ಎಲ್ಲ ಸಂಭ್ರಮದ ಹಿಂದೆ ಒಂದು ಪ್ರಶ್ನೆ ಸದಾ ನಿಂತಿರುತ್ತದೆ: ನೀರು ಬಂತಾ?

ನೀರಿಲ್ಲದ ನಾಡಲ್ಲ ನಮ್ಮದು

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್ ಹೆಸರಿಗಷ್ಟೇ ಹೊಳೆ. ಆದರೂ ನಮ್ಮ ಹಿರಿಯರು ಇಲ್ಲಿ ಭತ್ತ ಬೆಳೆದರು, ಕಬ್ಬು ಬೆಳೆದರು. ಹೇಗೆ? ಮಳೆಯ ನೀರನ್ನು ಕೆರೆಯಿಂದ ಕೆರೆಗೆ ಇಳಿಸಿ. ಚಿಕ್ಕಬಳ್ಳಾಪುರ ಬೇರೆಯಾಗುವ ಮುನ್ನ, ಅಂದರೆ 2007ಕ್ಕಿಂತ ಮೊದಲು, ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಎಂದು ಹಂಚಲು ಊರಿಗೊಬ್ಬ ನೀರುಗಂಟಿ. ಅವನ ಮಾತೇ ಕೊನೆಯ ಮಾತು.

ಆಮೇಲೆ ಕೊಳವೆಬಾವಿ ಬಂತು. ಪ್ರತಿಯೊಬ್ಬರಿಗೂ ತಮ್ಮ ತಮ್ಮ ನೀರು. ಕೆರೆಯ ಚಿಂತೆ ಯಾರಿಗೂ ಬೇಡವಾಯಿತು. ರಾಜಕಾಲುವೆಗಳು ಮುಚ್ಚಿದವು, ಕೆರೆಯ ಅಂಗಳದಲ್ಲಿ ಜಾಲಿ ಬೆಳೆಯಿತು, ಹೂಳು ತುಂಬಿತು. ಇನ್ನೂರು ಅಡಿಗೆ ಸಿಗುತ್ತಿದ್ದ ನೀರಿಗಾಗಿ ಸಾವಿರ ಅಡಿ ದಾಟಿ ಕೊರೆಯಬೇಕಾಯಿತು. ಅಷ್ಟು ಕೊರೆದರೂ ಕೆಲವು ಕಡೆ ಬರೀ ಧೂಳು. 2021ರ ನವೆಂಬರ್‌ನ ಭಾರೀ ಮಳೆಗೆ ನಮ್ಮ ಅನೇಕ ಕೆರೆಗಳು ತುಂಬಿ ಕೋಡಿ ಹರಿದಾಗ, ಅಂಥ ನೋಟವನ್ನು ಜೀವನದಲ್ಲೇ ಕಾಣದಿದ್ದ ಮಕ್ಕಳು ಕೆರೆಯ ಏರಿಯ ಮೇಲೆ ಜಾತ್ರೆಯಂತೆ ಸೇರಿದ್ದರು. ಮಳೆ ಬಂದರೆ ಕೆರೆ ತುಂಬುತ್ತದೆ, ಕೆರೆ ಇದ್ದರೆ ತಾನೆ!

ಯಾವ ನೀರು ಯಾವುದಕ್ಕೆ?

ಈಚಿನ ವರ್ಷಗಳಲ್ಲಿ ನಮ್ಮ ಕಡೆಗೆ ಎರಡು ಹೊಸ ನೀರು ಬಂದಿವೆ. ಎರಡೂ ಒಂದೇ ಅಲ್ಲ. ಈ ವ್ಯತ್ಯಾಸ ಮನೆ ನಡೆಸುವ ನಮಗೆ ಗೊತ್ತಿರಬೇಕು.

ಮೊದಲನೆಯದು ಕೆ.ಸಿ. ವ್ಯಾಲಿ ನೀರು. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಪೈಪಿನಲ್ಲಿ ನಮ್ಮ ಕೆರೆಗಳಿಗೆ ಹರಿಸುವ ಯೋಜನೆ ಇದು. 2018ರ ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ ಕಾಣಿಸಿಕೊಂಡು ವಿಷಯ ನ್ಯಾಯಾಲಯಕ್ಕೆ ಹೋಯಿತು. 2019ರಲ್ಲಿ ಸುಪ್ರೀಂ ಕೋರ್ಟ್ ನೀರು ಹರಿಸಲು ಅವಕಾಶ ಕೊಟ್ಟಿತು. ಈ ನೀರಿನ ಉದ್ದೇಶ ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸುವುದು. ಬತ್ತಿದ್ದ ಎಷ್ಟೋ ಕೊಳವೆಬಾವಿಗಳು ಮತ್ತೆ ನೀರು ಕಂಡದ್ದೂ ನಿಜ, ಮೂರನೇ ಹಂತದ ಶುದ್ಧೀಕರಣ ಬೇಕೆಂದು ಜನರು ಒತ್ತಾಯಿಸಿದ್ದೂ ನಿಜ. ನಾವು ನೆನಪಿಡಬೇಕಾದದ್ದು ಇಷ್ಟು: ಕೆರೆ ತುಂಬಿದೆಯೆಂದು ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಬಾರದು. ಮಕ್ಕಳನ್ನು ಈಜಲು ಬಿಡಬಾರದು.

ಎರಡನೆಯದು ಯರಗೋಳ್ ಅಣೆಕಟ್ಟೆಯ ನೀರು. ಬಂಗಾರಪೇಟೆ ತಾಲ್ಲೂಕಿನಲ್ಲಿ ಮಾರ್ಕಂಡೇಯ ಹೊಳೆಗೆ ಕಟ್ಟಿದ ಈ ಅಣೆಕಟ್ಟೆ, ವರ್ಷಗಟ್ಟಲೆ ಕುಂಟುತ್ತಾ ಸಾಗಿ ಕೊನೆಗೆ 2023ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಇದು ಕುಡಿಯುವ ನೀರಿನ ಯೋಜನೆ; ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳಿಗೂ ದಾರಿಯಲ್ಲಿನ ಹಳ್ಳಿಗಳಿಗೂ ಎಂದು ರೂಪಿಸಿದ್ದು. ಮುಳಬಾಗಿಲು, ಶ್ರೀನಿವಾಸಪುರ ಪಟ್ಟಣಗಳ ಹೆಸರು ಈ ಯೋಜನೆಯಲ್ಲಿಲ್ಲ. ಹಾಗಾಗಿ ಒಂದೇ ಜಿಲ್ಲೆಯ ನಾಲ್ಕು ಊರುಗಳ ಬೇಸಿಗೆ ಒಂದೇ ರೀತಿ ಇರುವುದಿಲ್ಲ. ಕೋಲಾರದ ಅಕ್ಕನ ಮನೆಯಲ್ಲಿ ನಲ್ಲಿ ಬಂತೆಂದು ಮುಳಬಾಗಿಲಿನ ತಂಗಿ ಹೊಟ್ಟೆಕಿಚ್ಚುಪಡಬೇಕಾಗಿಲ್ಲ. ತನ್ನ ಊರಿಗೆ ಯಾವ ಯೋಜನೆ ಇದೆ ಎಂದು ಕೇಳಬೇಕು.

ಕಣ್ಣಿಗೆ ಕಾಣದ ಫ್ಲೋರೈಡ್

ಇನ್ನೊಂದು ಮಾತು. ಆಳದ ಕೊಳವೆಬಾವಿಯ ನೀರು ಕನ್ನಡಿಯಂತೆ ತಿಳಿಯಾಗಿರುತ್ತದೆ. ಆದರೆ ನಮ್ಮ ಜಿಲ್ಲೆಯ ಅನೇಕ ಕಡೆ ಅದರಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ ಒಂದೂವರೆ ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಅದಕ್ಕಿಂತ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ದೊಡ್ಡವರಿಗೆ ಕೀಲುನೋವು, ಮೂಳೆ ಬಿಗಿಯುವುದು. ಮಕ್ಕಳ ಹಲ್ಲು ಒಳಗೆ ರೂಪುಗೊಳ್ಳುವ ಎಂಟು ವರ್ಷದೊಳಗಿನ ವಯಸ್ಸಿನಲ್ಲಿ ಬಹಳ ಎಚ್ಚರ ಬೇಕು.

ನಮ್ಮಲ್ಲಿ ಅನೇಕರು "ನಾವು ನೀರನ್ನ ಕಾಯಿಸಿಯೇ ಕುಡಿಯೋದು" ಎನ್ನುತ್ತಾರೆ. ಕಾಯಿಸಿದರೆ ರೋಗಾಣು ಸಾಯುತ್ತದೆ, ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಅಂಶ ಹೆಚ್ಚೇ ಆಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಆರ್‌ಓ ಯಂತ್ರ ಸರಿಯಾಗಿದ್ದರೆ ಫ್ಲೋರೈಡ್ ಕಡಿಮೆಯಾಗುತ್ತದೆ. ಆದ್ದರಿಂದ ಘಟಕ ಕೆಟ್ಟು ನಿಂತರೆ ಅದು ಸಣ್ಣ ವಿಷಯವಲ್ಲ, ಕೂಡಲೇ ದೂರು ಕೊಡಬೇಕಾದ ವಿಷಯ. ಎಲ್ಲದಕ್ಕೂ ಶುದ್ಧ ನೀರೇ ಬೇಕೆಂದಿಲ್ಲ. ಕುಡಿಯಲು ಮತ್ತು ಅಡುಗೆಗೆ ಘಟಕದ ನೀರು ಮೀಸಲಿಟ್ಟರೆ ಸಾಕು. ನಿಮ್ಮ ಬೀದಿಯ ನೀರಿನ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಹಳ್ಳಿಗಳಲ್ಲಿ ಜಲಜೀವನ ಯೋಜನೆಯಡಿ ಕಿಟ್ ಬಳಸಿ ನೀರು ಪರೀಕ್ಷಿಸಲು ಮಹಿಳೆಯರಿಗೇ ತರಬೇತಿ ಕೊಡುವ ವ್ಯವಸ್ಥೆಯಿದೆ.

ಬೈದರೆ ನೀರು ಬರುವುದಿಲ್ಲ

ಮತ್ತೆ ನಮ್ಮ ಬೀದಿಗೆ ಬರೋಣ. ಆ ವರ್ಷ ಟ್ಯಾಂಕರ್ ಬರುವುದಕ್ಕೆ ಹೊತ್ತುಗೊತ್ತು ಇರಲಿಲ್ಲ. ಬಂದಾಗ ನೂಕುನುಗ್ಗಲು. ಬಿಂದಿಗೆ ಉರುಳಿ, ಪೈಪು ಎಳೆದಾಡಿ, ಅರ್ಧ ನೀರು ಮೋರಿಗೆ. ಒಂದು ದಿನ ಇಬ್ಬರು ಹೆಂಗಸರ ನಡುವೆ ಜಗಳವಾಗಿ ಮಾತು ಜಾತಿ ಧರ್ಮದವರೆಗೂ ಹೋಯಿತು. ಹಬ್ಬಕ್ಕೆ ಪರಸ್ಪರ ತಟ್ಟೆ ಹಂಚಿಕೊಳ್ಳುವ ಮನೆಗಳು! ಬಾಯಾರಿದ ಬೀದಿಯಲ್ಲಿ ಸಿಟ್ಟಿಗೆ ಎಷ್ಟು ಬೇಗ ಕಿಡಿ ತಾಗುತ್ತದೆ ನೋಡಿ.

ಅಣ್ಣನ ಮಗಳ ಕರಪತ್ರ ನನ್ನ ಕಣ್ಣಮುಂದಿತ್ತು. ಅಂದು ಸಂಜೆ ಪಕ್ಕದ ಮನೆಯ ಅಕ್ಕನನ್ನು ಕರೆದುಕೊಂಡು ಮನೆಮನೆಗೆ ಹೋದೆ. ಒಂದು ನೋಟ್‌ಬುಕ್ ತೆಗೆದುಕೊಂಡೆವು. ಯಾವ ದಿನ ನೀರು ಬಂತು, ಎಷ್ಟು ಹೊತ್ತಿಗೆ, ಎಷ್ಟು ಮನೆಗೆ ಸಿಕ್ಕಿತು ಎಂದು ಎರಡು ವಾರ ಬರೆದೆವು. ಬಳಿಕ ಬೀದಿಯ ಇಪ್ಪತ್ತೆರಡು ಮನೆಯವರ ಸಹಿ ಹಾಕಿಸಿ ಅರ್ಜಿ ಬರೆದು ಕಚೇರಿಗೆ ಕೊಟ್ಟೆವು. ಅದುವರೆಗೆ ಫೋನಿನಲ್ಲಿ ಹತ್ತಾರು ಸಲ ಬೈದಾಗ ಸಿಗದಿದ್ದ ಉತ್ತರ, ತಾರೀಖು ಸಮೇತ ಬರೆದ ಆ ಎರಡು ಹಾಳೆಗೆ ಸಿಕ್ಕಿತು. ಎಲ್ಲವೂ ಸರಿಹೋಯಿತೆಂದು ನಾನು ಹೇಳುವುದಿಲ್ಲ. ಆದರೆ ದಿನ ಬಿಟ್ಟು ದಿನ, ಸಂಜೆ ಐದಕ್ಕೆ ಎಂದು ಹೊತ್ತು ಗೊತ್ತಾಯಿತು. ಮನೆಗೆ ಇಷ್ಟು ಬಿಂದಿಗೆ ಎಂದು ನಾವೇ ಸರದಿ ಹಾಕಿಕೊಂಡೆವು. ಬಾಣಂತಿ ಇರುವ ಮನೆಗೆ, ಒಂಟಿ ಮುದುಕಿಗೆ ಮೊದಲು. ಹಳೆಯ ಕಾಲದ ನೀರುಗಂಟಿಯ ಕೆಲಸವನ್ನು ಬೀದಿಯ ಹೆಂಗಸರೇ ಮಾಡಿದಂತಾಯಿತು.

ನಿಮ್ಮ ಬೀದಿಯಲ್ಲೂ ಇದನ್ನು ಮಾಡಬಹುದು. ಕೆಲವು ವಿವರಗಳು ತಿಳಿದಿರಲಿ:

ನಗರಸಭೆಯಾದರೆ ಅರ್ಜಿ ಪೌರಾಯುಕ್ತರ ಹೆಸರಿಗೆ, ಪುರಸಭೆಯಾದರೆ ಮುಖ್ಯಾಧಿಕಾರಿಯ ಹೆಸರಿಗೆ. ಒಂದು ಪ್ರತಿಯ ಮೇಲೆ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳದೆ ಬರಬೇಡಿ. ಮೊಹರಿಲ್ಲದ ಅರ್ಜಿ ಕೊಡದ ಅರ್ಜಿಗೆ ಸಮ.

ಕಚೇರಿಗೆ ಹೋಗಲಾಗದಿದ್ದರೆ ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902 ಇದೆ. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ನಿಮ್ಮ ವಾರ್ಡಿನ ಸದಸ್ಯೆ ಮಹಿಳೆಯಾಗಿದ್ದರೆ ಅವರ ಗಂಡನನ್ನಲ್ಲ, ಅವರನ್ನೇ ಭೇಟಿಯಾಗಿ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಪಟ್ಟಣಗಳ ಆಡಳಿತದಲ್ಲಿ ಕನಿಷ್ಠ ಮೂರನೇ ಒಂದರಷ್ಟು ಸ್ಥಾನವನ್ನು ಮಹಿಳೆಯರಿಗೆ ಮೀಸಲಿಟ್ಟದ್ದು ಇಂಥ ಮಾತಿಗಾಗಿಯೇ.

ಸೌಲಭ್ಯಗಳು ಇದ್ದೂ ತಿಳಿಯದೆ ಹೋಗುವುದುಂಟು. ಬರಗಾಲದ 2024ರ ಬೇಸಿಗೆ ರಜೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟ ಮುಂದುವರಿಸಲಾಗಿತ್ತು. ನಮ್ಮ ಬೀದಿಯ ಅರ್ಧ ತಾಯಂದಿರಿಗೆ ಅದು ಗೊತ್ತಾದದ್ದು ರಜೆ ಮುಗಿಯುವ ಹೊತ್ತಿಗೆ. ಆದ್ದರಿಂದ ರಜೆ ಶುರುವಾಗುವ ಮೊದಲೇ ಶಾಲೆ, ಅಂಗನವಾಡಿ, ಗ್ರಂಥಾಲಯ, ಬಾಲಭವನಕ್ಕೆ ಒಮ್ಮೆ ಹೋಗಿ "ಈ ಬೇಸಿಗೆಗೆ ಏನಿದೆ?" ಎಂದು ಕೇಳುವ ರೂಢಿ ಮಾಡಿಕೊಳ್ಳೋಣ.

ಮನೆಯೊಳಗಿನ ನಲ್ಲಿ

ಕಚೇರಿಯನ್ನು ಕೇಳುವ ನಾವು ನಮ್ಮ ಮನೆಯನ್ನೂ ಕೇಳಿಕೊಳ್ಳಬೇಕು. ಹರಿಯುವ ನದಿಯ ದಡದಲ್ಲಿದ್ದರೂ ವುಝೂವಿಗೆ ನೀರು ಪೋಲು ಮಾಡಬಾರದು ಎಂದು ಕಲಿತವರು ನಾವು. ಆದರೆ ನಲ್ಲಿ ಪೂರ್ತಿ ತಿರುಗಿಸಿಟ್ಟು ವುಝೂ ಮಾಡುವುದು ನಮ್ಮಲ್ಲಿ ಮಾಮೂಲಿ. ಒಂದು ತಂಬಿಗೆಯಲ್ಲಿ ಮಾಡಿ ನೋಡಿ, ಎಷ್ಟು ಉಳಿಯುತ್ತದೆಂದು ತಿಳಿಯುತ್ತದೆ. ಅಕ್ಕಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಜಾಲಿಸಿದ ನೀರು ಶೌಚಾಲಯಕ್ಕೆ.

ಬಿಸಿಲಿಗೆ ಹೋಗಿ ಬಂದ ಮಕ್ಕಳು, ಮಾವಿನ ಮಂಡಿಯಲ್ಲಿ, ಇಟ್ಟಿಗೆ ಗೂಡಿನಲ್ಲಿ ದುಡಿಯುವವರು ಸುಸ್ತಾದರೆ, ವಾಂತಿಭೇದಿಯಾದರೆ ಓಆರ್‌ಎಸ್ ಕೊಡಿ. ಆಶಾ ಕಾರ್ಯಕರ್ತೆಯರ ಬಳಿ, ಆರೋಗ್ಯ ಕೇಂದ್ರದಲ್ಲಿ ಪೊಟ್ಟಣ ಸಿಗುತ್ತದೆ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚು ಬೇಡ. ಮೈ ಕೆಂಡದಂತೆ ಸುಡುತ್ತಾ ಮಾತು ತೊದಲಿದರೆ ನೆರಳಿಗೆ ಒಯ್ದು ಮೈ ಒದ್ದೆ ಮಾಡಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸಾಧ್ಯವಾದವರು ಮನೆಯ ಮುಂದೊಂದು ಅರವಟ್ಟಿಗೆ ಇಡಿ. ಮುಚ್ಚಳವಿರುವ ಒಂದು ಮಡಕೆ, ಹಿಡಿಯುಳ್ಳ ಒಂದು ಸೌಟು, ಒಂದು ಲೋಟ ಸಾಕು. ದಾರಿಹೋಕನ ಹೆಸರು ಯಾರೂ ಕೇಳದ ಜಾಗ ಅದೊಂದೇ.

ಕೊನೆಗೆ, ನಮ್ಮ ಹುಡುಗಿಯ ವಿಷಯ. ಟ್ಯಾಂಕರ್ ಸಂಜೆಗೆ ಬಂದದ್ದರಿಂದ ಅವಳು ಶಿಬಿರಕ್ಕೆ ಹೋದಳು. ಆದರೆ ಅಷ್ಟಕ್ಕೇ ಬಿಟ್ಟಿದ್ದರೆ ಸಂಜೆಯ ಆಟ ತಪ್ಪುತ್ತಿದ್ದುದೂ ಅವಳಿಗೇ. ಹಾಗಾಗಿ ಅಣ್ಣನಿಗೂ ಸರದಿ ಬಂತು. ಮೊದಲ ದಿನ ಗೆಳೆಯರು ನಕ್ಕರೆಂದು ಮುಖ ಊದಿಸಿಕೊಂಡು ಬಂದ. "ನೀರು ಕುಡಿಯೋಕೆ ನಾಚಿಕೆ ಇಲ್ಲ, ತರೋಕೆ ಯಾಕೆ ನಾಚಿಕೆ?" ಎಂದಳು ಅವನ ದಾದಿ. ಮೂರನೇ ದಿನಕ್ಕೆ ಆ ಗೆಳೆಯರಲ್ಲೇ ಇಬ್ಬರು ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತಿದ್ದರು.

ಶಿಬಿರದ ಕೊನೆಯ ದಿನ ಅವಳು ಮಣ್ಣಿನಲ್ಲಿ ಮಾಡಿದ ಒಂದು ಗೊಂಬೆ ತಂದು ನನ್ನ ಕೈಗಿಟ್ಟಳು. ಏನು ಮಾಡಿದ್ದೀಯೆ ಎಂದು ತಿರುಗಿಸಿ ನೋಡಿದೆ. ಒಂದು ಕೆರೆ, ಅದರ ಏರಿ, ಏರಿಯ ಮೇಲೆ ಕೂತ ಹುಡುಗಿ. ಅವಳ ಕೈಯಲ್ಲಿ ಬಿಂದಿಗೆ ಇರಲಿಲ್ಲ.

ಸಹೋದರಿಯರೇ, ಮುಂದಿನ ಬೇಸಿಗೆ ಬರುವ ಮೊದಲು ನಿಮ್ಮ ಮನೆಯ ಬಿಂದಿಗೆಯ ಸಾಲಿನಲ್ಲಿ ಯಾರ ರಜೆ ಕಳೆದುಹೋಗುತ್ತಿದೆ ಎಂದು ಒಮ್ಮೆ ನೋಡಿ. ನೋಟ್‌ಬುಕ್ ಕೊಳ್ಳಲು ಅಷ್ಟು ಸಾಕು.