ನಾಲ್ಕನೆಯ ವರ್ಷದ ಸಾಲ: ಇಂಗ್ಲೆಂಡಿನ ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ತೊಡೆಯ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ಎಂಬತ್ತೈದರ ಅಜ್ಜಿ. ಎರಡನೆಯ ರಾತ್ರಿ ಎದ್ದು ಕುಳಿತು, ಕೈಗೆ ಹಾಕಿದ್ದ ಡ್ರಿಪ್ ಕಿತ್ತು, ಮಕ್ಕಳು ಶಾಲೆಯಿಂದ ಬರುವ ಹೊತ್ತಾಯಿತು, ನನ್ನನ್ನು ಮನೆಗೆ ಬಿಡಿ ಎನ್ನುತ್ತ ಮಂಚದಿಂದ ಇಳಿಯತೊಡಗುತ್ತಾರೆ. ಆ ಮಕ್ಕಳಿಗೆ ಈಗ ಅರವತ್ತು ದಾಟಿದೆ. ಇದು ಸನ್ನಿಯೋ, ಮೊದಲೇ ಇದ್ದೂ ಯಾರ ಕಣ್ಣಿಗೂ ಬೀಳದ ಮರೆಗುಳಿತನವೋ? ಮರುದಿನ ಅವರೇ ಊಟ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಅದು ಖಿನ್ನತೆಯೋ, ಸನ್ನಿಯದೇ ಸದ್ದಿಲ್ಲದ ಇನ್ನೊಂದು ರೂಪವೋ? ಸನ್ನಿಯಾದರೆ ಅದರ ಬೇರು ಮೂತ್ರದ ಸೋಂಕಿನಲ್ಲೋ, ಮಲಬದ್ಧತೆಯಲ್ಲೋ, ನೋವಿನ ಮಾತ್ರೆಯಲ್ಲೋ ಇರಬಹುದು. ಹುಡುಕಿ ಸರಿಪಡಿಸಿದರೆ ಎಷ್ಟೋ ಮಂದಿ ಕೆಲವೇ ದಿನಗಳಲ್ಲಿ ಮೊದಲಿನಂತಾಗುತ್ತಾರೆ. ಹುಡುಕದಿದ್ದರೆ 'ವಯಸ್ಸಾಗಿದೆ, ಗೊಂದಲವಿದೆ' ಎಂಬ ಷರಾ ಕಡತ ಸೇರುತ್ತದೆ.

ಇನ್ನೊಂದು ಮಂಚ ಮನೋರೋಗದ ಆಸ್ಪತ್ರೆಯಲ್ಲಿದೆ. ಸ್ಕಿಜೋಫ್ರೇನಿಯಾಕ್ಕೆ ಕ್ಲೋಜಪಿನ್ ತೆಗೆದುಕೊಳ್ಳುವ ವ್ಯಕ್ತಿ ಹೊಟ್ಟೆನೋವು ಎನ್ನುತ್ತಾನೆ. ಬೇರೆ ಔಷಧಿಗಳು ಕೈಕೊಟ್ಟಾಗ ಅವನನ್ನು ಉಳಿಸಿದ್ದು ಅದೇ ಮಾತ್ರೆ. ಆದರೆ ಅದು ಕರುಳಿನ ಚಲನೆಯನ್ನೇ ಮಂದ ಮಾಡಬಲ್ಲದು, ಕೆಲವೊಮ್ಮೆ ಪ್ರಾಣಕ್ಕೇ ಎರವಾಗುವಷ್ಟು. ಹೊಟ್ಟೆ ಮುಟ್ಟಿ ನೋಡುವ ಅಭ್ಯಾಸ ತಪ್ಪಿದವರಿಗೆ ಅವನ ದೂರು ಕಾಯಿಲೆಯದೇ ಮಾತಿನಂತೆ ಕೇಳಿಸಿದರೆ ಅಪಾಯ ಅಲ್ಲಿಂದಲೇ ಶುರು. ಮಾನಸಿಕ ಕಾಯಿಲೆಯ ಹೆಸರು ದೇಹದ ಕಾಯಿಲೆಯ ಮೇಲೆ ನೆರಳು ಹಾಸುವುದು ವೈದ್ಯಲೋಕಕ್ಕೆ ಹೊಸ ಸಂಗತಿಯಲ್ಲ. ತೀವ್ರ ಮಾನಸಿಕ ಕಾಯಿಲೆ ಇರುವವರು ಇಂಗ್ಲೆಂಡಿನಲ್ಲಿ ಉಳಿದವರಿಗಿಂತ ಸರಾಸರಿ 15ರಿಂದ 20 ವರ್ಷ ಮುಂಚೆಯೇ ಸಾಯುತ್ತಾರೆ. ಹೆಚ್ಚಿನವರನ್ನು ಕೊಂಡೊಯ್ಯುವುದು ಹೃದಯದ, ಶ್ವಾಸಕೋಶದ ಮತ್ತು ಸಕ್ಕರೆಯ ಕಾಯಿಲೆಗಳು. ಎಂದರೆ ತಡೆಯಬಹುದಾಗಿದ್ದ ಕಾಯಿಲೆಗಳು.

ಈ ಎರಡೂ ಮಂಚಗಳ ಬಳಿ ಧೈರ್ಯವಾಗಿ ನಿಲ್ಲಬಲ್ಲ ನರ್ಸನ್ನು ರೂಪಿಸುವ ಪದವಿಯೊಂದು ತಮ್ಮ ವಿಶ್ವವಿದ್ಯಾಲಯಗಳಲ್ಲೇ ಇದೆ. ವಯಸ್ಕರ ಶುಶ್ರೂಷೆ ಮತ್ತು ಮಾನಸಿಕ ಆರೋಗ್ಯ ಶುಶ್ರೂಷೆ, ಎರಡನ್ನೂ ಒಟ್ಟಿಗೆ ಕಲಿಸುವ ಜೋಡಿ ಪದವಿ ಅದು. ಈ ಪತ್ರ ಅದನ್ನು ಓದುತ್ತಿರುವವರ ಕುರಿತದ್ದು.

ಪತ್ರ ಕನ್ನಡದಲ್ಲಿರುವುದಕ್ಕೂ ಕಾರಣವಿದೆ. ಬ್ರಿಟನ್ನಿಗೆ ಹೊರದೇಶಗಳಿಂದ ಹೊಸದಾಗಿ ಬಂದು ನೋಂದಣಿಯಾಗುವ ನರ್ಸ್‌ಗಳಲ್ಲಿ ಭಾರತೀಯರದು ಇತ್ತೀಚಿನ ವರ್ಷಗಳಲ್ಲಿ ಬಹುದೊಡ್ಡ ಪಾಲು. ಅವರಲ್ಲಿ ಮಂಗಳೂರು, ಬೆಂಗಳೂರುಗಳ ಕಾಲೇಜುಗಳಲ್ಲಿ ಓದಿದವರೂ, ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುತ್ತ ಊರಿಗೆ ಫೋನ್ ಮಾಡುವ ಕನ್ನಡಿಗರೂ ಇದ್ದಾರೆ. ಈಗ ಅವರ ಮಕ್ಕಳು ಇಲ್ಲಿಯೇ ನರ್ಸಿಂಗ್ ಓದುವ ವಯಸ್ಸಿಗೆ ಬರುತ್ತಿದ್ದಾರೆ. ಯಾವ ಕೋರ್ಸು, ಎಷ್ಟು ಸಾಲ ಎಂಬ ಲೆಕ್ಕಾಚಾರ ಅವರ ಮನೆಗಳಲ್ಲಿ ಕನ್ನಡದಲ್ಲೇ ನಡೆಯುತ್ತದೆ.

ಕರ್ನಾಟಕದ ಓದುಗರಿಗೆ ಇಲ್ಲಿನ ವ್ಯವಸ್ಥೆ ಸ್ವಲ್ಪ ವಿಚಿತ್ರವೆನಿಸಬಹುದು. ಅಲ್ಲಿ 4 ವರ್ಷದ ಬಿ.ಎಸ್ಸಿ. ನರ್ಸಿಂಗ್ ಎಂದರೆ ಎಲ್ಲವೂ ಅದರೊಳಗೇ: ಮೆಡಿಕಲ್, ಸರ್ಜಿಕಲ್, ಮಕ್ಕಳು, ಹೆರಿಗೆ, ಮನೋರೋಗ. ಬ್ರಿಟನ್ನಿನಲ್ಲಿ ಹಾಗಲ್ಲ. ವಯಸ್ಕರು, ಮಕ್ಕಳು, ಮಾನಸಿಕ ಆರೋಗ್ಯ, ಕಲಿಕಾ ನ್ಯೂನತೆ ಎಂದು ನಾಲ್ಕು ಕವಲು. ಅರ್ಜಿ ಹಾಕುವಾಗಲೇ, ಅನೇಕರು ಹದಿನೆಂಟರ ವಯಸ್ಸಿನಲ್ಲೇ, ಒಂದನ್ನು ಆರಿಸಿಕೊಳ್ಳಬೇಕು. ಜೋಡಿ ಪದವಿ ಹಿಡಿದವರು ಎರಡು ಕವಲುಗಳಿಗೂ ತಕ್ಕ ಕೌಶಲ ತೋರಿಸಿ, ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ಲಿನ ನೋಂದಣಿಯಲ್ಲಿ ಎರಡು ಗುರುತು ಪಡೆಯುತ್ತಾರೆ.

ಈ ಕವಲು ಒಡೆದದ್ದು ನಿನ್ನೆ ಮೊನ್ನೆಯಲ್ಲ. ಮಿಸ್ ನೈಟಿಂಗೇಲ್ ಹೆಸರಿನ ಶಾಲೆ 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತೆರೆದಾಗ ಹುಚ್ಚಾಸ್ಪತ್ರೆಗಳಲ್ಲಿ ಕೆಲಸಕ್ಕಿದ್ದವರನ್ನು ನರ್ಸ್ ಎಂದು ಕರೆಯುವ ರೂಢಿಯೂ ಗಟ್ಟಿಯಾಗಿರಲಿಲ್ಲ. ಅವರು ಕಾವಲಿನ ಆಳುಗಳು. ಅವರಿಗಾಗಿ 1885ರಲ್ಲಿ ಒಂದು ಕೈಪಿಡಿ ಬಂತು, 1891ರಲ್ಲಿ ಮನೋವೈದ್ಯರ ಸಂಘವೇ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡತೊಡಗಿತು. 1919ರ ಕಾಯಿದೆಯಿಂದ ನರ್ಸ್‌ಗಳ ನೋಂದಣಿ ಶುರುವಾದಾಗ ಮನೋರೋಗದ ನರ್ಸ್‌ಗಳಿಗೆ ಸಿಕ್ಕಿದ್ದು ಮುಖ್ಯ ಪಟ್ಟಿಯಲ್ಲಿ ಜಾಗವಲ್ಲ, ಅದಕ್ಕೆ ಹೊಂದಿಸಿದ ಪೂರಕ ಪಟ್ಟಿಯಲ್ಲಿ. ಪಂಕ್ತಿಯಲ್ಲಿ ಬೇರೆ ಎಲೆ ಹಾಕಿದಂತೆ.

ತಮ್ಮ ಹುದ್ದೆಯಲ್ಲಿ ಹಿಂದೆ ಇದ್ದ ಇನಾಕ್ ಪೊವೆಲ್ 1961ರ ಮಾರ್ಚ್‌ನಲ್ಲಿ ಮಾಡಿದ ಭಾಷಣವನ್ನು ಇಂದಿಗೂ ಜನ ನೆನೆಯುತ್ತಾರೆ. ಊರಾಚೆ ನೀರಿನ ಗೋಪುರಗಳನ್ನು ಎತ್ತಿಕೊಂಡು ನಿಂತಿದ್ದ ಆ ದೊಡ್ಡ ಹುಚ್ಚಾಸ್ಪತ್ರೆಗಳು ಹೋಗಬೇಕು ಎಂದು ಅವರು ಸಾರಿದರು. ಹೋಗಬೇಕಾದವೇ ಹೌದು. ಆದರೆ ಆ ಗೋಡೆಗಳೊಳಗೆ ಲಾಂಡ್ರಿ, ತೋಟಗಳ ಜೊತೆಗೆ ದೇಹದ ಕಾಯಿಲೆಯವರಿಗೆಂದೇ ವಾರ್ಡುಗಳೂ ಇದ್ದವು. ಅವು ಮುಚ್ಚಿದ ಮೇಲೆ ಆಸ್ಪತ್ರೆಗಳನ್ನು ನಡೆಸುವ ಟ್ರಸ್ಟುಗಳಲ್ಲಿ ದೇಹ ಒಂದಕ್ಕೆ, ಮನಸ್ಸು ಇನ್ನೊಂದಕ್ಕೆ ಹಂಚಿಹೋಯಿತು. ಇಂದು ಒಬ್ಬನೇ ರೋಗಿಯ ರಕ್ತಪರೀಕ್ಷೆಯ ಫಲಿತಾಂಶ ಒಂದು ಕಂಪ್ಯೂಟರಿನಲ್ಲಿ, ಅವನ ಮನಸ್ಸಿನ ಸ್ಥಿತಿ ಬರೆದ ಟಿಪ್ಪಣಿ ಇನ್ನೊಂದರಲ್ಲಿ ಇರುವುದು ಅಪರೂಪವಲ್ಲ.

ಜೋಡಿ ಪದವಿಯ ವಿದ್ಯಾರ್ಥಿ ಈ ಎರಡು ಲೋಕಗಳ ನಡುವೆ ಓಡಾಡುತ್ತಾ ಕಲಿಯುತ್ತಾಳೆ. ನರ್ಸ್ ಆಗಲು ಕೌನ್ಸಿಲ್ ಕೇಳುವುದು ಕನಿಷ್ಠ 4,600 ಗಂಟೆಗಳ ಕಲಿಕೆ. ಅದರಲ್ಲಿ ಅರ್ಧ, ಎಂದರೆ 2,300 ಗಂಟೆ, ಆಸ್ಪತ್ರೆ ಮತ್ತು ಸಮುದಾಯದ ಪೋಸ್ಟಿಂಗ್. ಈ ಗಂಟೆಗಳಿಗೆ ಸಂಬಳವಿಲ್ಲ. ಸರ್ಜಿಕಲ್ ವಾರ್ಡಿನಲ್ಲಿ ಅವಳು ಸಮವಸ್ತ್ರ ತೊಟ್ಟು ಗಡಿಯಾರದ ಹಿಂದೆ ಓಡುತ್ತಾಳೆ. ಉಸಿರಾಟ, ಆಮ್ಲಜನಕ, ಬಿ.ಪಿ., ನಾಡಿ, ಪ್ರಜ್ಞೆ, ಜ್ವರ, ಒಂದೊಂದಕ್ಕೂ ಅಂಕ ಹಾಕಿ ಕೂಡಿಸಿ, ಮೊತ್ತ ಏರಿದರೆ ವೈದ್ಯರನ್ನು ಕರೆಯಬೇಕು. ಆ ಅಂಕಪಟ್ಟಿಗೆ 2017ರಲ್ಲಿ ತಂದ ತಿದ್ದುಪಡಿಯಲ್ಲಿ ಹೊಸದಾಗಿ ಕಾಣಿಸಿಕೊಂಡ ಗೊಂದಲವನ್ನೂ ಅಪಾಯದ ಸೂಚನೆಯಾಗಿ ಸೇರಿಸಿದ್ದಾರೆ. ಅಜ್ಜಿಯ ಮಧ್ಯರಾತ್ರಿಯ ಮಾತಿಗೂ ಅಂಕ ಉಂಟು ಎಂದಾಯಿತು.

ಮನೋರೋಗದ ವಾರ್ಡಿಗೆ ಹೋದಾಗ ಸಮವಸ್ತ್ರವೇ ಇರದೆಯೂ ಹೋಗಬಹುದು. ಅಲ್ಲಿ ಕೆಲಸವೆಂದರೆ ಬಹುಪಾಲು ಕೂರುವುದು. ಮಾತಾಡದವನ ಪಕ್ಕ ಕೂರುವುದು, ಟೀ ಕುಡಿಯುತ್ತ ಕೂರುವುದು, ಅವನಾಗಿ ಒಂದು ಮಾತು ಆಡುವವರೆಗೆ ಕೂರುವುದು. ಮೊದಲ ವಾರ ಇದು ಕೆಲಸವೇ ಅಲ್ಲವೆಂದು ಅನ್ನಿಸುವುದು ಸಹಜ. ಬರಬರುತ್ತ ಅದರ ಭಾರ ತಿಳಿಯುತ್ತದೆ. ಕಾನೂನೂ ಅಲ್ಲಿ ನರ್ಸಿನ ಕೈಗೆ ಬರುತ್ತದೆ. 1983ರ ಮಾನಸಿಕ ಆರೋಗ್ಯ ಕಾಯಿದೆಯ 5(4)ನೇ ವಿಧಿಯಂತೆ, ತಾನಾಗಿ ದಾಖಲಾಗಿ ಮನೋರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರು ಅಪಾಯದ ಸ್ಥಿತಿಯಲ್ಲಿ ಎದ್ದು ಹೊರಟರೆ, ವೈದ್ಯರು ಬರುವ ತನಕ ಅವರನ್ನು 6 ಗಂಟೆಗಳವರೆಗೆ ತಡೆದಿಡುವ ಅಧಿಕಾರ ಮಾನಸಿಕ ಆರೋಗ್ಯದ ಅಥವಾ ಕಲಿಕಾ ನ್ಯೂನತೆಯ ನರ್ಸಿಗಿದೆ. ವಯಸ್ಕರ ಕವಲಿನವರಿಗೆ ಇಲ್ಲ. ಇನ್ನೊಬ್ಬರ ಸ್ವಾತಂತ್ರ್ಯವನ್ನು ಆರು ಗಂಟೆ ತನ್ನ ಸಹಿಯ ಕೆಳಗೆ ಇಟ್ಟುಕೊಳ್ಳುವ ಹೊಣೆ ಇಪ್ಪತ್ತೆರಡರ ಹುಡುಗಿಗೆ ಹಗುರವಾದುದಲ್ಲ.

ಒಂದು ಪೋಸ್ಟಿಂಗ್ ಕಲಿಸಿದ್ದು ಇನ್ನೊಂದರಲ್ಲಿ ಕೈಹಿಡಿಯುತ್ತದೆ. ಮನಸ್ಸಿನ ಏರಿಳಿತಕ್ಕೆ ಲಿಥಿಯಂ ತೆಗೆದುಕೊಳ್ಳುವವರಿಗೆ ವಾಂತಿಭೇದಿಯಾಗಿ ನೀರಿನಂಶ ಇಳಿದರೆ ಔಷಧಿಯೇ ವಿಷವಾಗಬಲ್ಲದು. ಕೈ ನಡುಗುವುದನ್ನು ಗಾಬರಿಯೆಂದು ತಳ್ಳಿಹಾಕದೆ ರಕ್ತ ಕಳುಹಿಸಬೇಕೆಂದು ಅವಳಿಗೆ ಹೊಳೆಯುತ್ತದೆ. ಬದುಕೇ ಬೇಡವೆನಿಸಿ ತನಗೆ ತಾನೇ ಹಾನಿ ಮಾಡಿಕೊಂಡು ಬಂದ ಯುವಕನ ಡ್ರಿಪ್ ಬದಲಿಸುವಾಗ ಎರಡು ನಿಮಿಷ ಹೆಚ್ಚು ನಿಂತು, ಈಗ ಹೇಗಿದ್ದೀಯ ಎಂದು ಕೇಳಿ, ಉತ್ತರಕ್ಕೆ ಹೆದರದೆ ಕಾಯುವುದೂ ಅವಳಿಗೆ ಗೊತ್ತು.

ಈ ಓದಿಗೆ ವಿರೋಧವಿಲ್ಲವೆಂದಲ್ಲ. ಎರಡು ದೋಣಿಯ ಮೇಲೆ ಕಾಲಿಟ್ಟವರು ಅಲ್ಲೂ ಸಲ್ಲರು, ಇಲ್ಲೂ ಸಲ್ಲರು ಎಂಬುದು ಒಂದು ಮಾತು. ಮಾನಸಿಕ ಆರೋಗ್ಯ ಶುಶ್ರೂಷೆಯ ಅಧ್ಯಾಪಕರು ಎತ್ತುವ ಆತಂಕ ಅದಕ್ಕಿಂತ ಗಂಭೀರ. 2018ರಲ್ಲಿ ಕೌನ್ಸಿಲ್ ತಂದ ಮಾನದಂಡಗಳು ನಾಲ್ಕೂ ಕವಲಿಗೆ ಒಂದೇ ಕೌಶಲಗಳ ಪಟ್ಟಿಯನ್ನು ಹೇರಿದವು. ಸೂಜಿ, ನಳಿಕೆಗಳ ಗದ್ದಲದಲ್ಲಿ ಮಾತು ಮತ್ತು ಸಂಬಂಧದ ಕಲೆ ಕಳೆದುಹೋಗುತ್ತಿದೆ ಎಂಬುದು ಅವರ ದೂರು. ಆ ದೂರು ನಿಜ. ಅದಕ್ಕೇ ಜೋಡಿ ಪದವಿಗೆ ಹೆಚ್ಚಿನ ಬೆಲೆ ಎನ್ನುವುದು ಈ ಪತ್ರದ ವಾದ. ಅದು ಎರಡನ್ನೂ ಕಲಸಿ ತೆಳುವಾಗಿಸುವ ಪದವಿಯಲ್ಲ. ಎರಡಕ್ಕೂ ಪೂರ್ತಿ ಸಮಯ ಕೊಡುವ, ಆ ಸಮಯಕ್ಕಾಗಿಯೇ ಸಾಮಾನ್ಯವಾಗಿ 4 ವರ್ಷ ಹಿಡಿಯುವ ಪದವಿ. ಮೂರೇ ವರ್ಷದಲ್ಲಿ ಎರಡನ್ನೂ ತುರುಕಿ ಮುಗಿಸುವ ಯೋಚನೆ ಯಾರಿಗಾದರೂ ಬಂದರೆ ತಾವು ಬೇಡವೆನ್ನಬೇಕು.

ಈಗ ಆ ನಾಲ್ಕನೆಯ ವರ್ಷದ ಮಾತು.

2017ರಲ್ಲಿ ಇಂಗ್ಲೆಂಡ್ ನರ್ಸಿಂಗ್ ವಿದ್ಯಾರ್ಥಿಗಳ ಶುಲ್ಕ ಮನ್ನಾ ಮತ್ತು ವಿದ್ಯಾರ್ಥಿವೇತನವನ್ನು ಹೊಸಬರಿಗೆ ನಿಲ್ಲಿಸಿತು. ಅರ್ಜಿಗಳು ಇಳಿದವು, ಮನೆ ಮಕ್ಕಳು ಇದ್ದು ತಡವಾಗಿ ಓದಲು ಬರುತ್ತಿದ್ದವರು ಹೆಚ್ಚು ಹಿಂಜರಿದರು. ಮಾನಸಿಕ ಆರೋಗ್ಯದ ಕವಲಿಗೆ ಬದುಕು ಕಂಡು ಬರುತ್ತಿದ್ದವರಲ್ಲಿ ಇಂಥವರು ಬಹಳ. 2020ರಿಂದ ಮರಳಿಸಬೇಕಿಲ್ಲದ 5,000 ಪೌಂಡ್ ಅನುದಾನ ವರ್ಷಕ್ಕೊಮ್ಮೆ ಸಿಗುತ್ತಿದೆ, ಅದು ಒಳ್ಳೆಯದಾಯಿತು. ಆದರೆ 2025-26ರಲ್ಲಿ ಒಂದು ವರ್ಷದ ಶುಲ್ಕವೇ 9,535 ಪೌಂಡ್. ಆ ದರದಲ್ಲಿ ನಾಲ್ಕು ವರ್ಷಕ್ಕೆ 38,140. ಇದರ ಮೇಲೆ ಊಟ, ಬಾಡಿಗೆಯ ಸಾಲ. ಪೋಸ್ಟಿಂಗ್ ಮುಗಿಸಿ ಕೇರ್ ಹೋಮಿನಲ್ಲಿ ರಾತ್ರಿ ದುಡಿಯುವ ವಿದ್ಯಾರ್ಥಿಗಳ ಕಥೆ ಬೇರೆ. ಸ್ಕಾಟ್ಲೆಂಡ್ ತನ್ನ ನರ್ಸಿಂಗ್ ವಿದ್ಯಾರ್ಥಿಗಳ ಶುಲ್ಕವನ್ನು ತಾನೇ ಹೊತ್ತು ಮೇಲೆ ವಿದ್ಯಾರ್ಥಿವೇತನವನ್ನೂ ಕೊಡುತ್ತದೆ. ಒಂದೇ ದ್ವೀಪದ ಗಡಿಯಾಚೆ ಲೆಕ್ಕವೇ ಬೇರೆಯಾಗುತ್ತದೆ.

ಓದು ಮುಗಿದ ಮೇಲೆ? ಒಂದು ಕವಲಿನಲ್ಲಿ ಮೂರು ವರ್ಷ ಓದಿದವಳೂ, ಎರಡು ಕವಲಿನಲ್ಲಿ ನಾಲ್ಕು ವರ್ಷ ಓದಿದವಳೂ ರಾಷ್ಟ್ರೀಯ ಆರೋಗ್ಯ ಸೇವೆಗೆ ಸೇರುವುದು ಸಂಬಳದ ಅದೇ 5ನೇ ಬ್ಯಾಂಡಿಗೆ. 2025-26ರ ಆರಂಭದ ಸಂಬಳ ವರ್ಷಕ್ಕೆ 31,049 ಪೌಂಡ್. 2023ರ ಆಗಸ್ಟಿನಿಂದೀಚೆಗೆ ಓದಿಗೆ ಸೇರಿದವರು 25,000 ಪೌಂಡ್ ದಾಟಿದ ಆದಾಯದ ಮೇಲೆ ಶೇ. 9ರಂತೆ, 40 ವರ್ಷಗಳವರೆಗೂ ಸಾಲ ತೀರಿಸುತ್ತಿರಬೇಕು. ಒಂದು ವರ್ಷ ತಡವಾಗಿ ಸೇರಿದ್ದರಿಂದ ಕಳೆದುಕೊಂಡ ಸಂಬಳವನ್ನು ಯಾವ ಪಟ್ಟಿಯೂ ತೋರಿಸುವುದಿಲ್ಲ.

ದುಡ್ಡಿಗಿಂತ ಹೆಚ್ಚು ನೋಯಿಸುವುದು ಇನ್ನೊಂದಿದೆ. ಹುದ್ದೆಗಳ ಜಾಹೀರಾತು ಸಾಮಾನ್ಯವಾಗಿ ಕೇಳುವುದು ಒಂದು ಕವಲನ್ನು. ಹೃದ್ರೋಗದ ವಾರ್ಡಿಗೆ ಸೇರಿದರೆ ಮನೋರೋಗದ ಕಲಿಕೆ ಕಪಾಟು ಸೇರುತ್ತದೆ, ಅತ್ತ ಹೋದರೆ ವಯಸ್ಕರ ಶುಶ್ರೂಷೆಯದು. ಮೂರು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಲು 450 ಗಂಟೆಗಳ ನರ್ಸಿಂಗ್ ಕೆಲಸ ತೋರಿಸಿದರೆ ಸಾಕು. ಅಷ್ಟನ್ನೂ ಒಂದೇ ಕಡೆ ಮಾಡಿದರೂ ಎರಡು ಗುರುತೂ ಹಾಗೆಯೇ ಉಳಿಯುತ್ತವೆ. ಕಾಗದದಲ್ಲಿ ಉಳಿದದ್ದು ಕೈಯಲ್ಲಿ ಉಳಿಯಬೇಕಲ್ಲ.

ಇಂಥವರಿಗೆ ಕೆಲಸವಿಲ್ಲವೇ? ಬರ್ಮಿಂಗ್‌ಹ್ಯಾಮಿನ ಸಿಟಿ ಆಸ್ಪತ್ರೆಯಲ್ಲಿ 2009ರಲ್ಲಿ ಶುರುವಾದ ರೇಡ್ ಎಂಬ ತಂಡವನ್ನು ತಮ್ಮ ಇಲಾಖೆ ಚೆನ್ನಾಗಿ ಬಲ್ಲದು. ಸಾಮಾನ್ಯ ಆಸ್ಪತ್ರೆಯೊಳಗೇ ಹಗಲು ರಾತ್ರಿ ಮನೋವೈದ್ಯರೂ ನರ್ಸ್‌ಗಳೂ ಇದ್ದು ಯಾವ ವಾರ್ಡಿನಿಂದ ಕರೆ ಬಂದರೂ ಹೋಗುವ ಏರ್ಪಾಡು ಅದು. ರೋಗಿಗಳು ಬೇಗ ಮನೆಗೆ ಹೋದರು, ಹಾಸಿಗೆಗಳು ತೆರವಾದವು, ಬೇರೆ ಊರುಗಳೂ ಆ ದಾರಿ ಹಿಡಿದವು. ಕುಟುಂಬವೈದ್ಯರ ಕ್ಲಿನಿಕ್ಕಿನಲ್ಲಿ ತೀವ್ರ ಮಾನಸಿಕ ಕಾಯಿಲೆಯವರಿಗೆ ವರ್ಷಕ್ಕೊಮ್ಮೆ ತೂಕ, ಬಿ.ಪಿ., ಶುಗರ್, ಕೊಬ್ಬು, ಧೂಮಪಾನ, ಮದ್ಯ ನೋಡುವ ತಪಾಸಣೆಯೂ ಇದೆ. ಎರಡೂ ಬಲ್ಲ ನರ್ಸಿಗೆ ಹೇಳಿ ಮಾಡಿಸಿದ ಜಾಗಗಳಿವು.

ಹೊರದೇಶದಿಂದ ಬಂದವರ ವಿಷಯವೂ ಇದಕ್ಕೆ ಹೊಂದಿಕೊಂಡಿದೆ. ಕರ್ನಾಟಕದಲ್ಲಿ ಓದಿದ ನರ್ಸ್‌ಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಧಾರವಾಡದ ಡಿಮ್ಹಾನ್ಸ್‌ನಲ್ಲೋ ಮನೋರೋಗದ ಪೋಸ್ಟಿಂಗ್ ಮುಗಿಸಿ ಬಂದವರಿದ್ದಾರೆ. ಮನೋವೈದ್ಯಕೀಯವೂ ನರವೈದ್ಯಕೀಯವೂ ಒಂದೇ ಆವರಣದಲ್ಲಿರುವ ನಿಮ್ಹಾನ್ಸ್ ಅವರಿಗೆ ಹೊಸತಲ್ಲ. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸಾಮಾನ್ಯ ನರ್ಸಿಂಗ್ ಓದಿ ನೋಂದಣಿಯಾದವರನ್ನೂ ಮಾನಸಿಕ ಆರೋಗ್ಯ ನರ್ಸ್ ಎಂದೇ ಪರಿಗಣಿಸುತ್ತದೆ. ಕೆಲವು ವಾರಗಳ ಪೋಸ್ಟಿಂಗ್ ಅಷ್ಟಕ್ಕೆ ಸಾಲದೆಂಬುದು ಬೇರೆ ಮಾತು. ಆದರೆ ಬ್ರಿಟನ್ನಿಗೆ ಬಂದಾಗ ಅವರು ಪರೀಕ್ಷೆ ಬರೆಯುವುದು ಒಂದು ಕವಲಿಗೆ, ಹೆಚ್ಚಿನವರು ವಯಸ್ಕರದ್ದಕ್ಕೆ. ಕೆಲಸದಲ್ಲಿದ್ದುಕೊಂಡೇ ಎರಡನೆಯ ಕವಲಿಗೆ ದಾಟಲು ಅವರಿಗೊಂದು ಚಿಕ್ಕ ಸೇತುವೆ ಬೇಕು.

ಹಾಗಾಗಿ ಈ ಕೋರಿಕೆ. ಎರಡು ಗುರುತು ಪಡೆದು ರಾಷ್ಟ್ರೀಯ ಆರೋಗ್ಯ ಸೇವೆಗೆ ಸೇರುವವರ ನಾಲ್ಕನೆಯ ವರ್ಷದ ಶುಲ್ಕದ ಸಾಲವನ್ನು ಸರ್ಕಾರ ಹೊರಲಿ. ಮೊದಲ ಎರಡು ವರ್ಷ ಸಾಮಾನ್ಯ ಆಸ್ಪತ್ರೆಯ ಟ್ರಸ್ಟ್ ಮತ್ತು ಮಾನಸಿಕ ಆರೋಗ್ಯದ ಟ್ರಸ್ಟ್ ಸೇರಿ ನಡೆಸುವ ಸರದಿ ಹುದ್ದೆಗಳನ್ನು ತೆರೆಯಲು ತಾವು ಎರಡೂ ಕಡೆಯವರನ್ನು ಒಂದು ಮೇಜಿಗೆ ಕರೆಯಿರಿ. ಕರೆದಾಗ ಆ ವಿದ್ಯಾರ್ಥಿಗಳನ್ನೂ ಕರೆಯಿರಿ. ಒಂದು ವಾರ್ಡಿನಿಂದ ಇನ್ನೊಂದಕ್ಕೆ ದಾಟುವಾಗ ಏನೇನು ಕೈಜಾರುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ಅವರು.

ಸೆಪ್ಟೆಂಬರಿನಲ್ಲಿ ಹೊಸ ಶೈಕ್ಷಣಿಕ ವರ್ಷ. ಮೂರು ವರ್ಷ ಜೊತೆಗೆ ಓದಿದ ಗೆಳತಿಯರು ಹೊಸ ಸಮವಸ್ತ್ರ ತೊಟ್ಟು ಸಂಬಳಕ್ಕೆ ಸೇರುವಾಗ, ಜೋಡಿ ಪದವಿಯವರು ಇನ್ನೊಂದು ವರ್ಷದ ಸಾಲದ ಅರ್ಜಿ ತುಂಬುತ್ತಿರುತ್ತಾರೆ. ಅವರಿಗೆ ತಾವು ಹೇಳುವುದೇನಾದರೂ ಇದ್ದರೆ, ಆ ಅರ್ಜಿಗೆ ಸಹಿ ಬೀಳುವ ಮುಂಚೆ ಹೇಳಿ.

ಇತಿ,
ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರೊಬ್ಬರು