ನಿಂತು ಕೆಲಸ ಮಾಡೋರ ಕಾಲಡಿಗೆ ಏನು ಹಾಸಬೇಕು?

ಲಾಕ್‌ಡೌನ್ ಕಾಲದಲ್ಲಿ ಅಂಟಿಕೊಂಡ ಹವ್ಯಾಸಗಳಲ್ಲಿ ಬ್ರೆಡ್ ಮಾಡೋದು ಎಷ್ಟೋ ಮನೆಗಳಲ್ಲಿ ನಿಂತೇ ಹೋಯ್ತು. ಮರಗೆಲಸ ಮಾತ್ರ ಕೆಲವರನ್ನು ಬಿಡಲಿಲ್ಲ. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತು, ಶನಿವಾರ ಬೆಳಿಗ್ಗೆ ಕಾರ್ ಶೆಡ್ಡಿನಲ್ಲೋ ಟೆರೇಸಿನ ಶೀಟ್ ಮನೆಯಲ್ಲೋ ಡ್ರಿಲ್ಲು, ಸ್ಯಾಂಡರ್ ಹಿಡಿದು ನಿಲ್ಲೋರು ನಮ್ಮ ಓದುಗರಲ್ಲೇ ಬೇಕಾದಷ್ಟಿದ್ದೀರಿ. ಸಂಜೆ ಹೊತ್ತಿಗೆ ಸ್ಟೂಲ್ ಒಂದು ತಯಾರು, ಜೊತೆಗೆ ಮೀನಖಂಡದ ಸೆಳೆತವೂ ತಯಾರು. ಆಮೇಲೆ ಮೊಬೈಲ್ ತೆಗೆದು 'ಆ್ಯಂಟಿ ಫಟೀಗ್ ಮ್ಯಾಟ್' ಅಂತ ಹುಡುಕಿದ್ರೆ, ಚಿತ್ರದಲ್ಲಿ ಎಲ್ಲವೂ ಕಪ್ಪು, ಎಲ್ಲವೂ ಮೆತ್ತಗೆ, ಎಲ್ಲದಕ್ಕೂ ನಾಲ್ಕೂವರೆ ಸ್ಟಾರ್! ಆರಿಸೋದು ಹೇಗೆ?

ಮೊದಲು ಕಾಲಿಗೆ ಏನಾಗುತ್ತೆ ನೋಡೋಣ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಬಿಡುತ್ತಾ ಪಂಪಿನ ಹಾಗೆ ರಕ್ತವನ್ನು ಮೇಲಕ್ಕೆ ತಳ್ಳುತ್ತೆ. ಸುಮ್ಮನೆ ಒಂದೇ ಕಡೆ ನಿಂತಾಗ ಆ ಸ್ನಾಯು ಬಿಗಿದುಕೊಂಡೇ ಇರುತ್ತೆ, ಪಂಪು ಓಡಲ್ಲ. ರಕ್ತ ಕಾಲಲ್ಲೇ ತಂಗುತ್ತೆ, ಪಾದ ಊದುತ್ತೆ, ಸೊಂಟ ಹಿಡಿಯುತ್ತೆ. ಅದಕ್ಕೇ ಹತ್ತು ಕಿಲೋಮೀಟರ್ ಟ್ರೆಕ್ ಮಾಡೋ ಕಾಲು, ಸಿಮೆಂಟ್ ನೆಲದ ಮೇಲೆ ಮೂರು ಗಂಟೆ ನಿಲ್ಲಕ್ಕೆ ಒದ್ದಾಡೋದು. ನಮ್ಮ ಹಳೇ ಬಡಗಿಗಳು ನೆಲದಲ್ಲೇ ಕೂತು, ಹಲಗೆಯನ್ನು ಪಾದದಲ್ಲಿ ಒತ್ತಿ ಹಿಡಿದು ಉಳಿ ಹೊಡೀತಿದ್ರು. ಸೊಂಟದ ಮಟ್ಟದ ಬೆಂಚು, ನಿಂತೇ ಕೆಲಸ ಅನ್ನೋದು ಹೆಚ್ಚಾಗಿ ಯಂತ್ರಗಳ ಜೊತೆ ಬಂದ ಪದ್ಧತಿ. ಕೂತು ಕೆಲಸ ಮಾಡಿದ್ರೆ ಮಂಡಿ ನೋವು ಬರೋದು ಬೇರೆ ಕಥೆ ಬಿಡಿ.

ಮ್ಯಾಟ್ ಮಾಡೋ ಕೆಲಸ ಚಿಕ್ಕದು. ಕಾಲ ಕೆಳಗೆ ಒಂಚೂರು ಅಸ್ಥಿರತೆ ತರುತ್ತೆ. ಸಮತೋಲನಕ್ಕಾಗಿ ದೇಹ ನಮಗೇ ಗೊತ್ತಾಗದ ಹಾಗೆ ಆಚೀಚೆ ವಾಲುತ್ತೆ, ಸ್ನಾಯು ಅಲ್ಲಾಡುತ್ತೆ. ಜೊತೆಗೆ ಗಟ್ಟಿ ನೆಲದ ಒತ್ತಡ ಹಿಮ್ಮಡಿಯ ಒಂದೇ ಜಾಗಕ್ಕೆ ಬೀಳದೆ ಹರಡಿಕೊಳ್ಳುತ್ತೆ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ಬೇರೆ ನೆಲಹಾಸಿನ ಮೇಲೆ ಜನರನ್ನು ನಾಲ್ಕು ಗಂಟೆ ನಿಲ್ಲಿಸಿ ಪರೀಕ್ಷಿಸಿ, 2001ರಲ್ಲಿ ಫಲಿತಾಂಶ ಪ್ರಕಟಿಸಿದ್ರು. ನೆಲಹಾಸಿನ ವ್ಯತ್ಯಾಸ ಎದ್ದು ಕಂಡಿದ್ದು ಮೂರನೇ, ನಾಲ್ಕನೇ ಗಂಟೆಯಲ್ಲಿ. ಹಾಗಾಗಿ ಭಾನುವಾರಕ್ಕೊಮ್ಮೆ ಅರ್ಧ ಗಂಟೆ ಮೊಳೆ ಹೊಡೆಯೋರಿಗೆ ಈ ಖರ್ಚು ಬೇಕಾ ಅಂತ ಕೇಳಿದ್ರೆ, ನನ್ನ ಉತ್ತರ 'ಬೇಡ'. ಮಡಚಿದ ಗೋಣಿಚೀಲ ಸಾಕು.

ದಪ್ಪ ಜಾಸ್ತಿ ಆದಷ್ಟೂ ಒಳ್ಳೇದು ಅನ್ನೋದು ದೊಡ್ಡ ತಪ್ಪು ತಿಳಿವಳಿಕೆ. ಹಾಸಿಗೆ ಮೇಲೆ ನಿಂತು ಫ್ಯಾನ್ ಒರೆಸಿದ್ದೀರಲ್ಲ? ಹತ್ತು ನಿಮಿಷಕ್ಕೆ ಕಾಲು ಸೋಲುತ್ತೆ. ಅತಿ ಮೆತ್ತಗಿನ ಮ್ಯಾಟೂ ಹಾಗೇ, ಬೀಳದ ಹಾಗೆ ನಿಲ್ಲಕ್ಕೇ ಶಕ್ತಿಯೆಲ್ಲ ಖರ್ಚು. ಸಾಮಾನ್ಯವಾಗಿ 12ರಿಂದ 20 ಮಿ.ಮೀ. ಒಳಗಿನದು ಸಾಕು. ಅಂಗಡಿಯಲ್ಲಿ ಸಿಕ್ಕರೆ ಹೆಬ್ಬೆರಳಿಂದ ಬಲವಾಗಿ ಒತ್ತಿ. ಕೆಳಗಿನ ಟೇಬಲ್ಲು ಬೆರಳಿಗೆ ತಾಗಿದ್ರೆ ನಿಮ್ಮ 70 ಕೆ.ಜಿ. ತೂಕಕ್ಕೆ ಅದು ಚಪ್ಪಟೆ ಆಗೋದು ಗ್ಯಾರಂಟಿ. ಒತ್ತಿದ ಗುಳಿ ತಕ್ಷಣ ಮೇಲೆ ಬರಬೇಕು. ನಿಧಾನಕ್ಕೆ ಆಕಳಿಸುತ್ತಾ ಬಂದ್ರೆ ಕೆಲವೇ ತಿಂಗಳಲ್ಲಿ ನಿಮ್ಮ ಪಾದದ ಅಚ್ಚು ಅದರಲ್ಲಿ ಕಾಯಂ.

ಇನ್ನು ಯಾವ ಮೆಟೀರಿಯಲ್? ಇಲ್ಲಿ ಬ್ರ್ಯಾಂಡ್ ನೋಡೋದಕ್ಕಿಂತ ನಿಮ್ಮ ನೆಲದ ಮೇಲೆ ಏನು ಬೀಳುತ್ತೆ ಅಂತ ನೋಡಿ. ಬರೀ ಮರದ ಪುಡಿ ಅಂದ್ರೆ ಮೇಲ್ಮೈ ಮುಚ್ಚಿದ, ಸಣ್ಣ ಗೆರೆಗಳಿರೋ ಮ್ಯಾಟ್ ಸರಿ, ಒಂದು ಸಲ ಗುಡಿಸಿದ್ರೆ ಮುಗೀತು. ಜೇನುಗೂಡಿನ ಹಾಗೆ ತೂತಿರೋದನ್ನು ನೀರು, ಕೂಲೆಂಟ್ ಚೆಲ್ಲೋ ಜಾಗಕ್ಕಾಗಿ ಮಾಡಿರ್ತಾರೆ. ಮರಗೆಲಸಕ್ಕೆ ತಂದ್ರೆ ಪ್ರತಿ ತೂತಲ್ಲೂ ಹೊಟ್ಟು ಕೂತು, ಬಿದ್ದ ಸ್ಕ್ರೂ ಹುಡುಕೋದೇ ಒಂದು ಪ್ರಾಜೆಕ್ಟ್ ಆಗುತ್ತೆ. ಬುಲೆಟ್ಟೋ ಹಳೇ ಯಮಹಾನೋ ಬಿಚ್ಚಿ ಜೋಡಿಸೋರು ಸಾಧಾರಣ ರಬ್ಬರ್ ತಗೋಬೇಡಿ. ನೈಸರ್ಗಿಕ ರಬ್ಬರ್ ಎಂಜಿನ್ ಆಯಿಲ್, ಪೆಟ್ರೋಲ್ ಕುಡಿದು ಉಬ್ಬುತ್ತೆ, ಆಮೇಲೆ ಅಂಟಂಟಾಗಿ ಹರಿಯುತ್ತೆ. ಅಲ್ಲಿಗೆ ನೈಟ್ರೈಲ್ ರಬ್ಬರೇ ಬೇಕು, ಬೆಲೆ ಸ್ವಲ್ಪ ಜಾಸ್ತಿ. ಮಕ್ಕಳ ಆಟದ ಕೋಣೆಗೆ ಹಾಕೋ ಒಗಟಿನ ತುಂಡಿನಂಥ ಇವಿಎ ಫೋಮ್ ಅಗ್ಗ, ಹಗುರ, ಬೇಡವಾದಾಗ ಬಿಚ್ಚಿ ಇಡಬಹುದು. ಬಾಡಿಗೆ ಮನೆಯವರಿಗೆ ಅನುಕೂಲ. ಆದ್ರೆ ಬೇಗ ಕೂತುಹೋಗುತ್ತೆ, ಉಳಿ ಬಿದ್ರೆ ಸೀಳುತ್ತೆ. ಕೀಲಿನ ಸಂದಿಗಳಲ್ಲಿ ಧೂಳು ತುಂಬಿ ತುಂಡುಗಳು ಒಂದೊಂದು ದಿಕ್ಕಿಗೆ ಎದ್ದು ನಿಲ್ಲುತ್ವೆ. ದಿನಾ ನಾಲ್ಕೈದು ಗಂಟೆ ನಿಲ್ಲೋರಾದ್ರೆ ಪಾಲಿಯುರೆಥೇನ್ ಮ್ಯಾಟ್ ದುಬಾರಿಯಾದ್ರೂ ನನ್ನ ಓಟು ಅದಕ್ಕೇ. ಒಂದು ಒಳ್ಳೇ ರನ್ನಿಂಗ್ ಶೂಗೆ ಕೊಡೋ ದುಡ್ಡನ್ನ ಇದಕ್ಕೂ ಕೊಡಬಹುದು.

ಆ್ಯಂಗಲ್ ಗ್ರೈಂಡರ್, ವೆಲ್ಡಿಂಗ್ ಇದ್ರೆ ಫೋಮ್ ಹತ್ತಿರಕ್ಕೂ ಬರಬಾರದು. ಕಿಡಿ ಬಿದ್ದ ಕಡೆ ಕರಗಿ ತೂತು, ಅದೃಷ್ಟ ಕೆಟ್ಟರೆ ಬೆಂಕಿ. ವೆಲ್ಡಿಂಗ್‌ಗೆ ಅಂತಲೇ ಮಾಡಿದ ಮ್ಯಾಟ್ ಬೇರೆ ಇರುತ್ತೆ, ಅದನ್ನೇ ಕೇಳಿ.

ಒಂದು ವಿಷಯ ಮಾತ್ರ ಒತ್ತಿ ಹೇಳಬೇಕು. 'ರಬ್ಬರ್ ತಾನೇ, ಶಾಕ್ ಹೊಡೆಯಲ್ಲ' ಅಂತ ಈ ಮ್ಯಾಟ್ ಮೇಲೆ ನಿಂತು ಮೇನ್ ಬೋರ್ಡಿಗೆ ಕೈ ಹಾಕಬೇಡಿ. ಕಪ್ಪು ರಬ್ಬರಿಗೆ ಬೆರೆಸೋ ಕಾರ್ಬನ್ ವಿದ್ಯುತ್ತನ್ನು ಹಾಯಿಸಬಲ್ಲದು. ತೂತಿನ ಮ್ಯಾಟ್, ಒದ್ದೆ ಮ್ಯಾಟ್ ಅಂತೂ ಕೇಳಲೇಬೇಡಿ. ವಿದ್ಯುತ್ ತಡೆಯೋಕೆ ಅಂತಲೇ ಇರೋ ಮ್ಯಾಟಿಗೆ ಐಎಸ್ 15652 ಅನ್ನೋ ಭಾರತೀಯ ಮಾನಕ ಇದೆ. ಆ ಸಂಖ್ಯೆ ಮ್ಯಾಟ್ ಮೇಲೆ ಅಚ್ಚಾಗಿರಬೇಕು. ಅದು ತೆಳು, ಗಟ್ಟಿ, ಕಾಲಿಗೆ ಸುಖ ಕೊಡಲ್ಲ. ಕಾಲಿಗೆ ಸುಖ ಕೊಡೋದು ಶಾಕ್ ತಡೆಯಲ್ಲ. ಎರಡೂ ಬೇಕಾದ್ರೆ ಎರಡನ್ನೂ ಕೊಳ್ಳಿ.

ಅಂಚು ಇಳಿಜಾರಾಗಿರಲಿ. ನೆಟ್ಟಗೆ ಕತ್ತರಿಸಿದ ಅಂಚಿಗೆ ಚಪ್ಪಲಿ ತಗುಲಿ ಮುಗ್ಗರಿಸೋದು ಬೇರೆ ಎಲ್ಲಾದ್ರೂ ನಗುವ ವಿಷಯ, ತಿರುಗೋ ಟೇಬಲ್ ಸಾ ಮುಂದೆ ಅಲ್ಲ. ಅಲ್ಲಿ ಎರಡೂ ಕಾಲು ಪೂರ್ತಿ ಮ್ಯಾಟ್ ಮೇಲಿರಬೇಕು, ಇಲ್ಲಾ ಎರಡೂ ನೆಲದ ಮೇಲಿರಬೇಕು. ಒಂದು ಮೇಲೆ, ಒಂದು ಕೆಳಗೆ ಅನ್ನೋ ಅಳತೆ ಬೇಡ. ಬೆಂಚಿನ ಮುಂದೆ ನೀವು ಎಷ್ಟು ಹೆಜ್ಜೆ ಆಚೀಚೆ ಓಡಾಡ್ತೀರೋ ಅಷ್ಟು ಉದ್ದ ಅಳೆದು ತನ್ನಿ. ಇಡೀ ಗ್ಯಾರೇಜಿಗೆ ಹಾಸೋದು ದಂಡ, ಅದರ ಮೇಲೆ ಕಾರು ನಿಲ್ಲಿಸಿದ್ರೆ ಇನ್ನೂ ದಂಡ. ಬೈಕಿನ ಸೈಡ್ ಸ್ಟ್ಯಾಂಡ್ ಒಂದೇ ರಾತ್ರಿಯಲ್ಲಿ ಗುಳಿ ಬೀಳಿಸುತ್ತೆ. ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ವಾರಕ್ಕೊಮ್ಮೆ ಎತ್ತಿ ಗೋಡೆಗೆ ಒರಗಿಸಿಡಿ, ಇಲ್ಲಾಂದ್ರೆ ಅಡಿಯಲ್ಲಿ ಬೂಷ್ಟು ಬರುತ್ತೆ. ಹೊಸ ಮ್ಯಾಟಿನ ವಾಸನೆ ಹೋಗೋ ತನಕ ಬಿಚ್ಚಿ ಗಾಳಿಗೆ ಹಾಕಿ. ಬಿಸಿಲಿಗೆ ಬೇಡ, ಫೋಮ್ ಪುಡಿಯಾಗುತ್ತೆ.

ಶೆಡ್ಡಿನಲ್ಲಿ ವಾರಕ್ಕೆ ಆರು ಗಂಟೆ ನಿಲ್ಲೋ ನಮಗೆ ಇಷ್ಟೆಲ್ಲ ಚರ್ಚೆ. ಒಳಗೆ ಅಡುಗೆಮನೆಯ ಗ್ರಾನೈಟ್ ನೆಲದ ಮೇಲೆ ಅಮ್ಮನೋ, ಅಡುಗೆಗೆ ಬರೋ ಅಕ್ಕನೋ ದಿನಕ್ಕೇ ಅಷ್ಟು ಹೊತ್ತು ನಿಲ್ತಾರೆ, ಅದೂ ಬರಿಗಾಲಲ್ಲಿ. ಲೆಕ್ಕ ಹಾಕಿದ್ರೆ ಮನೆಗೆ ಬರೋ ಮೊದಲ ಮ್ಯಾಟ್ ಯಾರದ್ದು? ನನ್ನ ಪ್ರಕಾರ ಸ್ಟೌ ಮುಂದಿನದ್ದು. ಅಲ್ಲಿಗೆ ಎಣ್ಣೆ ಹಿಡಿಯದ, ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ, ಅಡಿ ಜಾರದ ಮ್ಯಾಟ್ ನೋಡಿ. ನಿಂತೇ ದುಡಿಯೋರಿಗೆ ಕೂರಕ್ಕೆ ಅವಕಾಶ ಅನ್ನೋದು ಕಾನೂನಿಗೆ ಹೊಸ ವಿಚಾರವೇನಲ್ಲ. 1948ರ ಕಾರ್ಖಾನೆ ಕಾಯ್ದೆಯ 44ನೇ ಸೆಕ್ಷನ್ನಿನಲ್ಲೇ ಇತ್ತು. ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಲ್ಲೋ ಹೆಣ್ಣುಮಕ್ಕಳ ಹೋರಾಟದ ಫಲವಾಗಿ ಕೇರಳ 2018ರಲ್ಲಿ ಅಂಗಡಿ ನೌಕರರಿಗೂ ಕೂರುವ ಹಕ್ಕು ಕೊಡ್ತು, 2021ರಲ್ಲಿ ತಮಿಳುನಾಡೂ ಕೊಡ್ತು. ಮನೆಯ ಅಡುಗೆಮನೆಗೆ ಯಾವ ಸೆಕ್ಷನ್ನೂ ಇಲ್ಲ, ಒಂದು ಎತ್ತರದ ಸ್ಟೂಲ್ ಇಡಬಹುದು. ಮರಗೆಲಸ ಬರುತ್ತಲ್ಲ, ನೀವೇ ಮಾಡಿಕೊಡಿ.

ಬೆಂಚಿನ ಕೆಳಗೆ ಒಂದು ಇಟ್ಟಿಗೆಯಷ್ಟು ಎತ್ತರದ ಮರದ ತುಂಡು ಇಟ್ಟು, ಆಗಾಗ ಒಂದೊಂದು ಕಾಲನ್ನು ಅದರ ಮೇಲಿಡಿ. ಸೊಂಟಕ್ಕೆ ಇದರಿಂದ ತುಂಬಾ ಆರಾಮ, ಖರ್ಚು ಸೊನ್ನೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡೋ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚುತ್ತಿದ್ರೆ, ಅಥವಾ ಒಂದೇ ಕಾಲು ಊದಿ ನೋಯುತ್ತಿದ್ರೆ ಮ್ಯಾಟ್ ಆರ್ಡರ್ ಮಾಡೋ ಬದಲು ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಳ್ಳಿ. ಎರಡನೆಯದ್ದಕ್ಕಂತೂ ಕಾಯಲೇಬೇಡಿ, ರಕ್ತನಾಳದಲ್ಲಿ ಗಡ್ಡೆ ಕಟ್ಟಿರಬಹುದು.

ಆನ್‌ಲೈನ್‌ನಲ್ಲಿ ತರಿಸೋದಾದ್ರೆ ರಿಟರ್ನ್ ಇರೋದನ್ನೇ ಆರಿಸಿ. ಬಂದ ದಿನವೇ ಕೆಲಸ ಮಾಡೋ ಚಪ್ಪಲಿ ಅಥವಾ ಶೂ ಹಾಕ್ಕೊಂಡು ಪೂರ್ತಿ ಎರಡು ಗಂಟೆ ಅದರ ಮೇಲೆ ನಿಂತು ನೋಡಿ. ಅಂಗಡಿಯ ಐದು ನಿಮಿಷದಲ್ಲಿ ಎಲ್ಲ ಮ್ಯಾಟೂ ಚೆನ್ನಾಗಿಯೇ ಇರುತ್ತೆ.