ಎಂಜಿನ್ ಸೀಜ್ ಆಯ್ತಾ? ಬಿಚ್ಚೋಕ್ಕಿಂತ ಮೊದಲು ಕಾರಣ ಹುಡುಕ್ರಿ

ಯಾದಗಿರಿ: 2020ರ ಅಕ್ಟೋಬರ್‌ನಲ್ಲಿ, ಮತ್ತೆ 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ನದಿ ಉಕ್ಕಿ ಹರಿದಾಗ ಹೊಲದ ಜೊತೆ ರಸ್ತೆಗಳೂ ಮುಳುಗಿದ್ದವು. ಬಸವಸಾಗರದಿಂದ ಹೆಚ್ಚು ನೀರು ಬಿಟ್ಟರೆ ಶಹಾಪುರ, ಸುರಪುರ ತಾಲೂಕಿನ ಕೃಷ್ಣಾ ತೀರದಲ್ಲೂ ಇದೇ ಪರಿಸ್ಥಿತಿ. ಬೆಳೆ ಹಾನಿಗೆ ಸರ್ವೆ ಆಗುತ್ತೆ. ನೀರಿಗೆ ಸಿಕ್ಕು ಎಂಜಿನ್ ಕೆಟ್ಟ ಗಾಡಿಯ ಖರ್ಚು ಮಾತ್ರ ಬಹಳ ಸಲ ಮಾಲೀಕನ ತಲೆ ಮೇಲೇ ಬೀಳುತ್ತೆ.

ಗ್ಯಾರೇಜ್‌ನಲ್ಲಿ ಕೇಳಿದರೆ ಒಂದೇ ಮಾತು: 'ಎಂಜಿನ್ ಸೀಜ್ ಆಗ್ಯಾದ್ರಿ.' ಆದರೆ ಯಾಕೆ ಸೀಜ್ ಆಯ್ತು ಅನ್ನೋದರ ಮೇಲೆ ದುಡ್ಡು ಯಾರು ಕೊಡಬೇಕು ಅನ್ನೋದು ನಿಂತಿದೆ.

ಗುರುತು ಹೇಗೆ?

ನೀರು: ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತೋಕಾಗಲ್ಲ. ಸಿಲಿಂಡರ್‌ಗೆ ನೀರು ಹೊಕ್ಕಾಗ ಪಿಸ್ಟನ್ ಮೇಲೆ ಬಂದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ಡೀಸೆಲ್ ಎಂಜಿನ್‌ನಲ್ಲಿ ಒತ್ತಡ ಜಾಸ್ತಿ, ಹಾನಿಯೂ ಜಾಸ್ತಿ. ಏರ್ ಫಿಲ್ಟರ್ ಒದ್ದೆಯಾಗಿರೋದು ಮೊದಲ ಸುಳಿವು.

ಆಯಿಲ್: ಆಯಿಲ್ ಕಮ್ಮಿ ಇದ್ದರೆ ಅಥವಾ ಪಂಪ್ ಕೆಟ್ಟರೆ ಬೇರಿಂಗ್ ಸುಟ್ಟು ಕ್ರ್ಯಾಂಕ್ ಶಾಫ್ಟ್ ನೀಲಿ ಬಣ್ಣಕ್ಕೆ ತಿರುಗುತ್ತೆ.

ಹೀಟ್: ರೇಡಿಯೇಟರ್ ಖಾಲಿ ಇದ್ದರೆ ಹೆಡ್ ಬಾಗಿ, ಗ್ಯಾಸ್ಕೆಟ್ ಹೋಗಿ, ಪಿಸ್ಟನ್ ಮೇಲೆ ಗೀರು ಬೀಳುತ್ತೆ.

ಧೂಳು: ಏರ್ ಫಿಲ್ಟರ್ ಹರಿದಿದ್ದರೆ ಧೂಳು ಒಳಗೆ ಹೋಗಿ ರಿಂಗ್, ಲೈನರ್ ತಿಂದುಬಿಡುತ್ತೆ. ಇದು ಒಂದೇ ದಿನಕ್ಕೆ ಆಗೋದಲ್ಲ.

ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದರೆ ಪ್ರವಾಹದ ನೀರೇ ಅಂತ ತೀರ್ಮಾನಿಸೋ ಹಾಗಿಲ್ಲ. ಗ್ಯಾಸ್ಕೆಟ್ ಹೋದರೂ ಹಾಗೇ ಆಗುತ್ತೆ. ಅದಕ್ಕೇ ಒಂದು ಗುರುತು ಸಾಲದು, ಎಲ್ಲವನ್ನೂ ಕೂಡಿಸಿ ನೋಡಬೇಕು.

ವಿಮೆ ಎಲ್ಲಿ ಕೈಕೊಡುತ್ತೆ?

ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಸ್ವಂತ ಗಾಡಿಗೆ ಬಿಡಿಗಾಸೂ ಸಿಗಲ್ಲ. ಪೂರ್ಣ ವಿಮೆಯಲ್ಲಿ ಪ್ರವಾಹದ ಹಾನಿ ಸೇರಿರುತ್ತೆ. ಆದರೆ ನೀರಲ್ಲಿ ಬಂದ್ ಬಿದ್ದ ಗಾಡಿಗೆ ಮತ್ತೆ ಸೆಲ್ಫ್ ಹೊಡೆದು ರಾಡ್ ಬಾಗಿದರೆ, ಅದು ಆಮೇಲೆ ಮಾಡಿಕೊಂಡ ಹಾನಿ ಅಂತ ಕಂಪನಿಗಳು ಕ್ಲೇಮ್ ತಳ್ಳಿಹಾಕುತ್ತವೆ. ಅದಕ್ಕೆ ಎಂಜಿನ್ ಪ್ರೊಟೆಕ್ಷನ್ ಅನ್ನೋ ಹೆಚ್ಚುವರಿ ಕವರ್ ಬೇರೆಯೇ ತಗೋಬೇಕು. ಆಯಿಲ್ ಇಲ್ಲದೆ ಓಡಿಸಿದ್ದು, ಸವೆದು ಹೋದದ್ದು ಮಾಮೂಲಿ ವಿಮೆಗೆ ಬರಲ್ಲ.

ಏನು ಮಾಡಬೇಕು?

ಬಾಡಿಗೆ ನಿಂತು, ಕಂತು ತುಂಬೋ ದಿನ ಹತ್ತಿರ ಬಂದಾಗ ಬೇಗ ಬಿಚ್ಚಿಸೋ ಅವಸರ ಸಹಜ. ಅಲ್ಲೇ ಸಾಕ್ಷಿ ಹೋಗಿಬಿಡುತ್ತೆ. ಗಾಡಿ ನೀರಲ್ಲಿ ನಿಂತರೆ ಸ್ಟಾರ್ಟ್ ಮಾಡಬಾರದು, ಎಳೆಸಿಕೊಂಡು ಬರಬೇಕು. ನೀರು ಎಲ್ಲಿವರೆಗೆ ಬಂದಿತ್ತು, ಕಿಲೋಮೀಟರ್ ಎಷ್ಟಾಗಿತ್ತು ಅನ್ನೋದರ ಫೋಟೊ ಇರಲಿ. ಎಂಜಿನ್ ಬಿಚ್ಚೋ ಮೊದಲೇ ವಿಮೆ ಕಂಪನಿಗೆ ತಿಳಿಸಿ, ಸರ್ವೇಯರ್ ಮುಂದೆಯೇ ಬಿಚ್ಚಿಸಬೇಕು. ವಾರಂಟಿ ಇದ್ದರೆ ಹೊರಗಿನ ಗ್ಯಾರೇಜ್‌ಗೆ ಒಯ್ಯದೆ ಸರ್ವಿಸ್ ಸೆಂಟರ್‌ನಲ್ಲಿ ಜಾಬ್ ಕಾರ್ಡ್ ಬರೆಸಬೇಕು. ಬಾಟಲಿಯಲ್ಲಿ ಸ್ವಲ್ಪ ಹಳೇ ಆಯಿಲ್ ತೆಗೆದಿಡಬೇಕು, ಹಳೇ ಪಾರ್ಟ್ಸ್ ಗುಜರಿಗೆ ಹಾಕಬಾರದು.

ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲೇ ಕೇಳಿ ಪಡೀಬೇಕು. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕಟ್ಟಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕ ಇಲ್ಲ. ಹೊಟ್ಟೆಪಾಡಿಗೆ ತಾವೇ ಗಾಡಿ ಓಡಿಸೋರೂ ಕಾನೂನಿನ ಪ್ರಕಾರ ಗ್ರಾಹಕರೇ. ಮೊದಲ ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.